ಇಂಗ್ಲಿಷ್ ವಾಕ್ಯದಲ್ಲಿ ವಿಶೇಷಣ ಎಲ್ಲಿ ಕೂರುತ್ತದೆ?

'ಊಟ ಚೆನ್ನಾಗಿತ್ತು' ಎನ್ನುವುದಕ್ಕೆ ಇಂಗ್ಲಿಷಿನಲ್ಲಿ 'ದಿ ಫುಡ್ ವಾಸ್ ಗುಡ್' ಎನ್ನಬೇಕು. 'ಅವನು ಚೆನ್ನಾಗಿ ಅಡುಗೆ ಮಾಡುತ್ತಾನೆ' ಎನ್ನುವುದಕ್ಕೆ 'ಹೀ ಕುಕ್ಸ್ ವೆಲ್' ಎನ್ನಬೇಕು. ಕನ್ನಡದಲ್ಲಿ ಎರಡೂ ಕಡೆ ದುಡಿದದ್ದು ಒಂದೇ 'ಚೆನ್ನಾಗಿ'. ಇಂಗ್ಲಿಷ್ ಮಾತ್ರ ಒಂದು ಕಡೆ 'ಗುಡ್' ಬೇಕು, ಇನ್ನೊಂದು ಕಡೆ 'ವೆಲ್' ಬೇಕು ಎಂದು ಹಟ ಹಿಡಿಯುತ್ತದೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ವಿಶೇಷಣದ ವಿಷಯದಲ್ಲಿ ಎಡವುವುದು ಹೆಚ್ಚಾಗಿ ಇಂಥ ಜಾಗಗಳಲ್ಲೇ.

ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ: ನಾಮಪದದ ಗುಣವನ್ನು ತಿಳಿಸುವ ಪದ ವಿಶೇಷಣ, ಇಂಗ್ಲಿಷಿನಲ್ಲಿ ಅಡ್ಜೆಕ್ಟಿವ್. ವ್ಯಾಖ್ಯೆ ತಪ್ಪಲ್ಲ, ಆದರೆ ವಾಕ್ಯ ಎದುರಿಗೆ ನಿಂತಾಗ ಅದು ಅಷ್ಟಾಗಿ ಕೈಹಿಡಿಯುವುದಿಲ್ಲ. 'ಹಾನೆಸ್ಟಿ' ಎಂಬುದೂ ಗುಣವನ್ನೇ ಹೇಳುತ್ತದೆ, 'ಬ್ಯೂಟಿ'ಯೂ ಅಷ್ಟೇ. ಎರಡೂ ನಾಮಪದಗಳು. 'ಹಾನೆಸ್ಟ್', 'ಬ್ಯೂಟಿಫುಲ್' ಮಾತ್ರ ವಿಶೇಷಣಗಳು. ಅರ್ಥವನ್ನಷ್ಟೇ ನೋಡುತ್ತಾ ಕುಳಿತರೆ ಇವುಗಳನ್ನು ಬೇರ್ಪಡಿಸಲು ಆಗುವುದಿಲ್ಲ. ಇಂಗ್ಲಿಷಿನ ವಿಶೇಷಣವನ್ನು ಹಿಡಿಯಬೇಕಾದದ್ದು ಅದು ಕೂರುವ ಜಾಗದಿಂದ, ಮತ್ತು ಅದು ಯಾರ ಬಗ್ಗೆ ಮಾತನಾಡುತ್ತಿದೆ ಎಂಬುದರಿಂದ.

ನಮ್ಮ ಗೊಂದಲಕ್ಕೆ ಇನ್ನೊಂದು ಕಾರಣ ಕನ್ನಡ ವ್ಯಾಕರಣದಲ್ಲೇ ಇದೆ. ಶಾಲೆಯಲ್ಲಿ ಓದಿದ್ದನ್ನು ನೆನಪಿಸಿಕೊಳ್ಳಿ. ಅಲ್ಲಿ ಗುಣವಾಚಕ ಎಂಬುದು ನಾಮಪದದ್ದೇ ಒಂದು ಬಗೆ. ವಸ್ತುವಾಚಕ, ಗುಣವಾಚಕ, ಸಂಖ್ಯಾವಾಚಕ ಎಂದು ಸಾಲಾಗಿ ಬರುತ್ತದೆ. ಅದಕ್ಕೆ ತಕ್ಕ ಕಾರಣವೂ ಇದೆ: 'ದೊಡ್ಡ' ಎಂಬುದರಿಂದ ದೊಡ್ಡವನು, ದೊಡ್ಡವಳಿಗೆ, ದೊಡ್ಡದರಿಂದ ಎಂದು ಲಿಂಗ, ವಿಭಕ್ತಿಗಳೆಲ್ಲ ಸಲೀಸಾಗಿ ಹುಟ್ಟಿಕೊಳ್ಳುತ್ತವೆ. ಲ್ಯಾಟಿನ್ನಿನಲ್ಲೂ ವಿಶೇಷಣಕ್ಕೆ ವಿಭಕ್ತಿ ಪ್ರತ್ಯಯಗಳು ಹತ್ತುತ್ತಿದ್ದವು. ಆ ಭಾಷೆಯನ್ನು ಮಾದರಿಯಾಗಿ ಇಟ್ಟುಕೊಂಡ ಹಳೆಯ ಇಂಗ್ಲಿಷ್ ವ್ಯಾಕರಣಕಾರರು ಅಡ್ಜೆಕ್ಟಿವನ್ನು ಬಹುಕಾಲ ನಾಮಪದದ ಒಂದು ಕವಲಾಗಿಯೇ ಎಣಿಸುತ್ತಿದ್ದರು. ಅದು ಸ್ವತಂತ್ರ ಪದವರ್ಗವಾಗಿ ಇಂಗ್ಲಿಷ್ ವ್ಯಾಕರಣಗಳಲ್ಲಿ ನೆಲೆಯೂರಿದ್ದು 18ನೆಯ ಶತಮಾನದಲ್ಲಿ.

ಇಂದಿನ ಇಂಗ್ಲಿಷಿನ ವಿಶೇಷಣಕ್ಕೆ ಲಿಂಗವಿಲ್ಲ, ವಚನವಿಲ್ಲ, ವಿಭಕ್ತಿಯೂ ಇಲ್ಲ. 'ಟಾಲ್ ಬಾಯ್', 'ಟಾಲ್ ಗರ್ಲ್', 'ಟಾಲ್ ಟ್ರೀಸ್' ಎಲ್ಲಕ್ಕೂ ಅದೇ 'ಟಾಲ್'. ಇದರಿಂದ ಕಲಿಯುವವರಿಗೆ ಅನುಕೂಲ, ಆದರೆ ಒಂದು ತೊಡಕೂ ಇದೆ: ಅದು ನಾಮಪದದ ಕೆಲಸವನ್ನು ತಾನೇ ಹೊತ್ತುಕೊಳ್ಳಲಾರದು. ನಾವು 'ಒಬ್ಬ ಬಡವ ಬಂದ' ಎನ್ನುತ್ತೇವೆ. ಅದನ್ನು 'ಎ ಪೂರ್ ಕೇಮ್' ಎಂದರೆ ವಾಕ್ಯ ಕುಂಟುತ್ತದೆ, 'ಎ ಪೂರ್ ಮ್ಯಾನ್ ಕೇಮ್' ಎನ್ನಲೇಬೇಕು. 'ಕೆಂಪಗಿರುವುದನ್ನು ಕೊಡಿ' ಎಂದು ಅಂಗಡಿಯಲ್ಲಿ ಕೇಳುವಾಗ 'ಗಿವ್ ಮೀ ದಿ ರೆಡ್ ಒನ್' ಎಂದು ಕೊನೆಗೆ 'ಒನ್' ಸೇರಿಸಬೇಕು. ನಮ್ಮ 'ಕೆಂಪಗಿರುವುದು' ಎಂಬುದರ ಬಾಲದಲ್ಲಿರುವ 'ಉದು' ಮಾಡುವ ಕೆಲಸವನ್ನು ಅಲ್ಲಿ 'ಒನ್' ಮಾಡುತ್ತದೆ. ಹಾಗೆಂದು ಎಲ್ಲೆಡೆ ಅದನ್ನು ಅಂಟಿಸಬಾರದು. 'ಈ ಮನೆ ದೊಡ್ಡದು' ಎಂಬುದಕ್ಕೆ 'ದಿಸ್ ಹೌಸ್ ಈಸ್ ಬಿಗ್' ಸಾಕು. ಅಲ್ಲಿ 'ಬಿಗ್ ಒನ್' ಎಂದರೆ ಕನ್ನಡದ 'ದು' ಇಂಗ್ಲಿಷಿನೊಳಗೆ ನುಸುಳಿದೆ ಎಂದು ತಿಳಿಯಬೇಕು. 'ದಿ ಪೂರ್', 'ದಿ ರಿಚ್' ಎಂಬ ಬಳಕೆ ಇದೆಯಲ್ಲ ಎಂದು ಕೇಳಬಹುದು. ಅದು ಇಡೀ ವರ್ಗಕ್ಕೆ ಹೇಳುವ ಮಾತು, ಬಡವರೆಲ್ಲರೂ ಎಂಬ ಅರ್ಥ. ಆದ್ದರಿಂದ ಕ್ರಿಯಾಪದ ಬಹುವಚನದಲ್ಲಿರುತ್ತದೆ: 'ದಿ ಪೂರ್ ಆರ್', 'ದಿ ಪೂರ್ ಈಸ್' ಅಲ್ಲ.

ಎರಡು ಪೀಠಗಳು

ವಿಶೇಷಣಕ್ಕೆ ಮುಖ್ಯವಾಗಿ ಎರಡು ಪೀಠಗಳು. ಒಂದು, ನಾಮಪದದ ಮುಂದೆ: 'ಎ ನ್ಯಾರೋ ರೋಡ್'. ಇನ್ನೊಂದು, 'ಈಸ್', 'ವಾಸ್', 'ಬಿಕೇಮ್', 'ಸೀಮ್ಸ್' ಮುಂತಾದ ಕ್ರಿಯಾಪದಗಳ ಆಚೆ: 'ದಿ ರೋಡ್ ಈಸ್ ನ್ಯಾರೋ'. ಅನುಮಾನ ಬಂದ ಪದವನ್ನು ಎರಡೂ ಕಡೆ ಕೂರಿಸಿ ನೋಡಿ. ಎರಡೂ ಕಡೆ ಸುಖವಾಗಿ ಕುಳಿತರೆ ಅದು ವಿಶೇಷಣ ಎನ್ನಲು ಹೆಚ್ಚು ಯೋಚಿಸಬೇಕಿಲ್ಲ. ಜೊತೆಗೆ 'ವೆರಿ' ಹಚ್ಚಿ ನೋಡುವುದೂ ಒಂದು ಪರೀಕ್ಷೆ. 'ವೆರಿ ನ್ಯಾರೋ' ಆಗುತ್ತದೆ, 'ವೆರಿ ರೋಡ್' ಆಗದು. ಆದರೆ 'ವೆರಿ' ಒಂದನ್ನೇ ನಂಬಬೇಡಿ. 'ವೆರಿ ಸ್ಲೋಲಿ' ಎಂದೂ ಹೇಳುತ್ತೇವೆ, ಅಲ್ಲಿರುವುದು ಕ್ರಿಯಾವಿಶೇಷಣ, ಅಂದರೆ ಕ್ರಿಯೆಯ ಬಗೆಯನ್ನೋ ವಿಶೇಷಣದ ಮಟ್ಟವನ್ನೋ ತಿಳಿಸುವ ಅಡ್ವರ್ಬ್. ಇತ್ತ 'ಆನ್ಯುಯಲ್', 'ವುಡನ್' ಎಂಬಂಥ ಅಪ್ಪಟ ವಿಶೇಷಣಗಳು 'ವೆರಿ'ಯನ್ನು ಹತ್ತಿರ ಸೇರಿಸುವುದಿಲ್ಲ. ವಾರ್ಷಿಕ ಪರೀಕ್ಷೆ ವಾರ್ಷಿಕವೇ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ.

ಕೆಲವು ವಿಶೇಷಣಗಳು ಒಂದೇ ಪೀಠಕ್ಕೆ ಅಂಟಿಕೊಂಡಿರುತ್ತವೆ. 'ಮೇನ್' ಅಂಥದ್ದು. 'ದಿ ಮೇನ್ ರೋಡ್' ಸರಿ, 'ದಿ ರೋಡ್ ಈಸ್ ಮೇನ್' ಎಂದು ಯಾರೂ ಹೇಳುವುದಿಲ್ಲ. 'ಮಿಯರ್', 'ಅಟರ್' ಕೂಡ ಹಾಗೆಯೇ. ಇದಕ್ಕೆ ತದ್ವಿರುದ್ಧವಾಗಿ 'ಅಸ್ಲೀಪ್', 'ಅವೇಕ್', 'ಅಫ್ರೇಡ್', 'ಅಲೋನ್', 'ಅಲೈವ್' ಮೊದಲಾದವು ಕ್ರಿಯಾಪದದ ಆಚೆಯೇ ಕೂರುತ್ತವೆ. 'ದಿ ಬೇಬಿ ಈಸ್ ಅಸ್ಲೀಪ್' ಎನ್ನಬಹುದು, 'ದಿ ಅಸ್ಲೀಪ್ ಬೇಬಿ' ಎನ್ನುವಂತಿಲ್ಲ. ಅಲ್ಲಿಗೆ 'ಸ್ಲೀಪಿಂಗ್ ಬೇಬಿ' ಬೇಕು. ಮೊದಲಲ್ಲಿ 'ಅ' ಇರುವ ಈ ಚಿಕ್ಕ ಗುಂಪನ್ನು ಹಾಗೆಯೇ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

'ಲುಕ್ಡ್ ಆಂಗ್ರಿ', 'ಲುಕ್ಡ್ ಆಂಗ್ರಿಲಿ'

ಎರಡನೆಯ ಪೀಠವೇ ನಮ್ಮನ್ನು ಹೆಚ್ಚು ಕಾಡುವುದು. 'ಅವಳು ಸುಂದರವಾಗಿದ್ದಾಳೆ', 'ಅವಳು ಸುಂದರವಾಗಿ ಹಾಡಿದಳು'. ಎರಡರಲ್ಲೂ 'ಸುಂದರವಾಗಿ' ಇದೆ. ಇಂಗ್ಲಿಷಿನಲ್ಲಿ ಮೊದಲನೆಯದು 'ಶೀ ಈಸ್ ಬ್ಯೂಟಿಫುಲ್', ಎರಡನೆಯದು 'ಶೀ ಸ್ಯಾಂಗ್ ಬ್ಯೂಟಿಫುಲಿ'. ಮೊದಲ ವಾಕ್ಯದಲ್ಲಿ ಸೌಂದರ್ಯ ಅವಳದು, ಎರಡನೆಯದರಲ್ಲಿ ಹಾಡಿಕೆಯದು. ಕನ್ನಡದ 'ಆಗಿ' ಈ ಭೇದವನ್ನು ಮುಚ್ಚಿಹಾಕುತ್ತದೆ. 'ಆಗಿ' ಕಂಡ ಕೂಡಲೇ 'ಲಿ' ಹಚ್ಚುವ ಅಭ್ಯಾಸ ಹುಟ್ಟುವುದು ಇಲ್ಲಿಂದಲೇ.

ಒಂದು ಜೋಡಿಯನ್ನು ಹತ್ತಿರದಿಂದ ನೋಡೋಣ. 'ದಿ ಟೀಚರ್ ಲುಕ್ಡ್ ಆಂಗ್ರಿ'. 'ದಿ ಟೀಚರ್ ಲುಕ್ಡ್ ಆಂಗ್ರಿಲಿ ಅಟ್ ದಿ ಬಾಯ್'. ಕ್ರಿಯಾಪದ ಎರಡರಲ್ಲೂ 'ಲುಕ್ಡ್'. ಮೊದಲ ವಾಕ್ಯದಲ್ಲಿ ಮೇಷ್ಟರು ಏನನ್ನೂ ನೋಡುತ್ತಿಲ್ಲ. ನೋಡುತ್ತಿರುವವರು ನಾವು, ನಮ್ಮ ಕಣ್ಣಿಗೆ ಅವರು ಕೋಪಗೊಂಡಂತೆ ಕಾಣುತ್ತಿದ್ದಾರೆ. 'ಲುಕ್ಡ್' ಅಲ್ಲಿ 'ಕಂಡರು' ಎಂಬ ಅರ್ಥದಲ್ಲಿ ಬಂದು ಮೇಷ್ಟರನ್ನೂ ಕೋಪವನ್ನೂ ಬೆಸೆಯುವ ಕೊಂಡಿ ಅಷ್ಟೇ ಆಗಿದೆ. ಆದ್ದರಿಂದ ವಿಶೇಷಣ. ಎರಡನೆಯದರಲ್ಲಿ ಮೇಷ್ಟರು ನಿಜವಾಗಿಯೂ ಹುಡುಗನನ್ನು ನೋಡಿದರು, ನೋಡಿದ ಬಗೆ ಸಿಟ್ಟಿನದು. ಅಲ್ಲಿ ಬೇಕಾದದ್ದು ಕ್ರಿಯಾವಿಶೇಷಣ. ಯಾವುದು ಕೊಂಡಿ, ಯಾವುದು ನಿಜವಾದ ಕೆಲಸ ಎಂದು ತಿಳಿಯಲು ಒಂದು ಸುಲಭ ಉಪಾಯವಿದೆ. ಕ್ರಿಯಾಪದವನ್ನು ತೆಗೆದು ಆ ಜಾಗಕ್ಕೆ 'ವಾಸ್' ಇಟ್ಟು ಓದಿ. 'ದಿ ಟೀಚರ್ ವಾಸ್ ಆಂಗ್ರಿ' ನಿಲ್ಲುತ್ತದೆ. 'ದಿ ಟೀಚರ್ ವಾಸ್ ಆಂಗ್ರಿಲಿ ಅಟ್ ದಿ ಬಾಯ್' ಬಿದ್ದುಹೋಗುತ್ತದೆ.

ಈ ಉಪಾಯ 'ಫೀಲ್', 'ಸ್ಮೆಲ್', 'ಟೇಸ್ಟ್', 'ಸೌಂಡ್' ಎಲ್ಲಕ್ಕೂ ಸಲ್ಲುತ್ತದೆ. 'ದಿ ರಸಂ ಟೇಸ್ಟ್ಸ್ ಗುಡ್' ಎಂಬಲ್ಲಿ ರಸಂ ಯಾವುದರ ರುಚಿಯನ್ನೂ ನೋಡುತ್ತಿಲ್ಲ, ಅದೇ ರುಚಿಯಾಗಿದೆ. ಆದ್ದರಿಂದ 'ಗುಡ್'. ರುಚಿ ನೋಡುವವರು ಬಂದಾಗ ಮಾತು ಬೇರೆ: 'ಶೀ ಟೇಸ್ಟೆಡ್ ದಿ ರಸಂ ಕೇರ್‌ಫುಲಿ'. ಹಾಲು ಕೆಟ್ಟರೆ 'ದಿ ಮಿಲ್ಕ್ ವೆಂಟ್ ಬ್ಯಾಡ್'. ಹಾಲು ಎಲ್ಲಿಗೂ ಹೋಗಿಲ್ಲ, 'ವೆಂಟ್' ಕೂಡ ಇಲ್ಲಿ ಕೊಂಡಿಯೇ.

ಇದೇ ಪೀಠಕ್ಕೆ ಸೇರಿದ ಇನ್ನೊಂದು ಸಂಗತಿಯನ್ನು ಪಠ್ಯಪುಸ್ತಕಗಳು ಅಷ್ಟಾಗಿ ಗಮನಿಸುವುದಿಲ್ಲ. ನಮ್ಮ ಹಸಿವು, ಭಯ, ಸುಸ್ತು, ಚಳಿ ಎಲ್ಲವೂ ನಾಮಪದಗಳು. ಅವು ನಮಗೆ ಆಗುತ್ತವೆ: ನನಗೆ ಹಸಿವಾಗಿದೆ, ನನಗೆ ಭಯವಾಯಿತು. ಇಂಗ್ಲಿಷಿನಲ್ಲಿ ಇವು ವಿಶೇಷಣಗಳಾಗಿ ನಮ್ಮ ಮೇಲೇ ಬಂದು ಕೂರುತ್ತವೆ: 'ಐ ಆಮ್ ಹಂಗ್ರಿ', 'ಐ ವಾಸ್ ಅಫ್ರೇಡ್', 'ಐ ಆಮ್ ಟಯರ್ಡ್'. ಚಳಿಯಾದರೆ 'ಐ ಆಮ್ ಕೋಲ್ಡ್'. 'ಐ ಹ್ಯಾವ್ ಎ ಕೋಲ್ಡ್' ಎಂದರೆ ನೆಗಡಿಯಾಗಿದೆ ಎಂದರ್ಥ, ಅಲ್ಲಿ 'ಕೋಲ್ಡ್' ನಾಮಪದ. 'ನನಗೆ' ಎಂದು ಶುರುವಾಗುವ ಕನ್ನಡ ವಾಕ್ಯವನ್ನು ಇಂಗ್ಲಿಷಿಗೆ ತರುವಾಗ ಅಲ್ಲೊಂದು ವಿಶೇಷಣ ಕಾದಿರಬಹುದು ಎಂಬ ಎಚ್ಚರವಿರಲಿ.

ವೇಷ ನೋಡಿ ಮೋಸಹೋಗುವುದು

'ಲಿ' ಎಂದು ಮುಗಿದದ್ದೆಲ್ಲ ಕ್ರಿಯಾವಿಶೇಷಣ ಎಂದು ನಂಬಿಕೊಂಡವರು ಬಹಳ. 'ಫ್ರೆಂಡ್ಲಿ', 'ಲೋನ್ಲಿ', 'ಕಾಸ್ಟ್ಲಿ', 'ಎಲ್ಡರ್ಲಿ', 'ಕವರ್ಡ್ಲಿ' ಇವೆಲ್ಲ ವಿಶೇಷಣಗಳು. 'ಎ ಫ್ರೆಂಡ್ಲಿ ಡಾಗ್' ಎಂದು ನಾಮಪದದ ಮುಂದೆ ಕೂರಿಸಿದರೆ ಅನುಮಾನ ಉಳಿಯುವುದಿಲ್ಲ. 'ಸ್ನೇಹದಿಂದ ಮಾತನಾಡಿದ' ಎನ್ನಲು 'ಹೀ ಸ್ಪೋಕ್ ಫ್ರೆಂಡ್ಲಿ' ಎಂದರೆ ತಪ್ಪು, 'ಇನ್ ಎ ಫ್ರೆಂಡ್ಲಿ ವೇ' ಎಂದು ಸುತ್ತಿ ಬಳಸಬೇಕು. 'ಫಾಸ್ಟ್', 'ಹಾರ್ಡ್', 'ಅರ್ಲಿ', 'ಲೇಟ್' ವೇಷ ಬದಲಿಸದೆಯೇ ಎರಡೂ ಪಾತ್ರ ಮಾಡುತ್ತವೆ. 'ಎ ಹಾರ್ಡ್ ಎಕ್ಸಾಮ್' ಎಂಬಲ್ಲಿ ವಿಶೇಷಣ, 'ಶೀ ವರ್ಕ್ಸ್ ಹಾರ್ಡ್' ಎಂಬಲ್ಲಿ ಕ್ರಿಯಾವಿಶೇಷಣ. ಅದಕ್ಕೆ 'ಲಿ' ಸೇರಿಸಿ 'ಶೀ ಹಾರ್ಡ್ಲಿ ವರ್ಕ್ಸ್' ಎಂದರೆ ಅವಳು ಕೆಲಸ ಮಾಡುವುದೇ ಅಪರೂಪ ಎಂದು ದೂರಿದಂತಾಗುತ್ತದೆ. ನೌಕರಿಯ ಶಿಫಾರಸು ಪತ್ರದಲ್ಲಿ ಈ 'ಲಿ' ಒಬ್ಬರ ಅನ್ನಕ್ಕೇ ಕಲ್ಲು ಹಾಕೀತು.

ಕ್ರಿಯಾಪದದಿಂದ ಹುಟ್ಟುವ ವಿಶೇಷಣಗಳು ಕನ್ನಡಿಗರಿಗೆ ನಿಜಕ್ಕೂ ಸುಲಭವಾಗಬೇಕು, ಏಕೆಂದರೆ ಅವೇ ನಮ್ಮ ಕೃದಂತಗಳು. 'ಕುದಿಯುವ ನೀರು' ಎಂದರೆ 'ಬಾಯ್ಲಿಂಗ್ ವಾಟರ್', 'ಬೇಯಿಸಿದ ಮೊಟ್ಟೆ' ಎಂದರೆ 'ಬಾಯ್ಲ್ಡ್ ಎಗ್', 'ಮುರಿದ ಕುರ್ಚಿ' ಎಂದರೆ 'ಬ್ರೋಕನ್ ಚೇರ್'. ತೊಡಕು ಬರುವುದು ಮನಸ್ಸಿನ ಭಾವಗಳನ್ನು ಹೇಳುವಾಗ. 'ನನಗೆ ಬೋರ್ ಆಗುತ್ತಿದೆ' ಎನ್ನುವ ಕನ್ನಡಿಗ ಇಂಗ್ಲಿಷಿಗೆ ಹೊರಳಿ 'ಐ ಆಮ್ ಬೋರಿಂಗ್' ಎಂದುಬಿಟ್ಟರೆ, ನನ್ನೊಡನೆ ಕುಳಿತವರಿಗೆ ಆಕಳಿಕೆ ಗ್ಯಾರಂಟಿ ಎಂದು ತಾನೇ ಘೋಷಿಸಿಕೊಂಡಂತೆ. ಬೇಸರ ತರಿಸುವುದು 'ಬೋರಿಂಗ್', ಬೇಸರಗೊಂಡವನು 'ಬೋರ್ಡ್'. ಭಾಷಣ 'ಬೋರಿಂಗ್', ಸಭಿಕರು 'ಬೋರ್ಡ್'. 'ಇಂಟರೆಸ್ಟಿಂಗ್', 'ಇಂಟರೆಸ್ಟೆಡ್' ನಡುವೆಯೂ, 'ಕನ್‌ಫ್ಯೂಸಿಂಗ್', 'ಕನ್‌ಫ್ಯೂಸ್ಡ್' ನಡುವೆಯೂ ಇದೇ ಲೆಕ್ಕ.

ಇನ್ನು ನಾಮಪದವೇ ವಿಶೇಷಣದ ಪೀಠದಲ್ಲಿ ಬಂದು ಕೂರುವುದುಂಟು: 'ಸ್ಕೂಲ್ ಬ್ಯಾಗ್', 'ಬಸ್ ಸ್ಟ್ಯಾಂಡ್', 'ಮ್ಯಾಂಗೋ ಟ್ರೀ'. ಇವು 'ವೆರಿ' ಪರೀಕ್ಷೆಯಲ್ಲಿ ನಪಾಸಾಗುತ್ತವೆ, 'ದಿ ಟ್ರೀ ಈಸ್ ಮ್ಯಾಂಗೋ' ಎಂದೂ ಆಗುವುದಿಲ್ಲ. ಕೆಲಸ ವಿಶೇಷಣದ್ದು, ಜಾತಿ ನಾಮಪದದ್ದು. ಈ ಪೀಠದಲ್ಲಿ ಕುಳಿತ ಪದ ಸಾಮಾನ್ಯವಾಗಿ ಬಹುವಚನವನ್ನು ಬಿಟ್ಟುಕೊಡುತ್ತದೆ. ಹಾಗಾಗಿ 'ಎ ಫೈವ್-ರುಪೀ ಕಾಯಿನ್', 'ಎ ಟೂ-ಅವರ್ ಜರ್ನಿ', 'ಎ ಟೆನ್-ಇಯರ್-ಓಲ್ಡ್ ಬಾಯ್'. 'ಫೈವ್ ರುಪೀಸ್ ಕಾಯಿನ್' ಎಂದು ನಾವು ದಿನವೂ ಹೇಳುತ್ತೇವೆ, ಕೇಳಿದವರಿಗೂ ಅರ್ಥವಾಗುತ್ತದೆ. ಬರವಣಿಗೆಯಲ್ಲಿ ಮಾತ್ರ ಆ ಕೊನೆಯ 'ಎಸ್' ಬೇಡ.

ಶಾಲೆಯ ವ್ಯಾಕರಣಗಳು 'ದಿಸ್', 'ಮೈ', 'ಸಮ್', 'ವಿಚ್' ಮೊದಲಾದವನ್ನೂ ಅಡ್ಜೆಕ್ಟಿವ್ ಪಟ್ಟಿಯಲ್ಲೇ ಸೇರಿಸುತ್ತವೆ. ಇಂದಿನ ವ್ಯಾಕರಣಕಾರರು ಅವನ್ನು ಡಿಟರ್ಮಿನರ್ ಎಂಬ ಬೇರೆ ಪಂಕ್ತಿಯಲ್ಲಿ ಕೂರಿಸುತ್ತಾರೆ, ನನಗೂ ಅದೇ ಸರಿ ಎನಿಸುತ್ತದೆ. ಬೇರೆ ಮಾಡಿದರೆ ಒಂದು ತಪ್ಪು ತಾನಾಗಿಯೇ ತಪ್ಪುತ್ತದೆ. 'ಬಿಗ್ ಬ್ಲ್ಯಾಕ್ ಡಾಗ್' ಎಂದು ವಿಶೇಷಣಗಳನ್ನು ಒಂದರ ಹಿಂದೊಂದು ಪೋಣಿಸಬಹುದು. ಆದರೆ 'ದಿ', 'ದಿಸ್', 'ಮೈ' ಇವುಗಳಲ್ಲಿ ಒಂದಕ್ಕೆ ಮಾತ್ರ ಜಾಗ. ನಮ್ಮ 'ನನ್ನ ಈ ಪುಸ್ತಕ' ಎಂಬುದು 'ದಿಸ್ ಮೈ ಬುಕ್' ಆಗಲಾರದು, 'ದಿಸ್ ಬುಕ್ ಆಫ್ ಮೈನ್' ಆಗಬೇಕು.

ಹೋಲಿಕೆ, ಸಾಲು, ಮತ್ತು ಹಿಂದೆ ಉಳಿಯುವವು

ಹೋಲಿಸುವಾಗ ಕನ್ನಡದ ವಿಶೇಷಣ ಅಲುಗಾಡುವುದೇ ಇಲ್ಲ. 'ಅವನು ನನಗಿಂತ ಎತ್ತರ' ಎನ್ನುವಾಗ ಇಡೀ ಭಾರ 'ಗಿಂತ' ಹೊರುತ್ತದೆ. ಇಂಗ್ಲಿಷಿನಲ್ಲಿ 'ದ್ಯಾನ್' ಬಂದರೆ ಸಾಲದು, ವಿಶೇಷಣವೂ 'ಟಾಲರ್' ಎಂದು ರೂಪ ಬದಲಿಸಬೇಕು. 'ಟಾಲ್ ದ್ಯಾನ್ ಮೀ' ಎಂಬ ತಪ್ಪಿನ ಬೇರು ನಮ್ಮ 'ಗಿಂತ'ದಲ್ಲಿದೆ. ಚಿಕ್ಕ ಪದಗಳಿಗೆ 'ಅರ್', 'ಎಸ್ಟ್' ಹತ್ತುತ್ತವೆ, 'ಬ್ಯೂಟಿಫುಲ್' ಎಂಬಂಥ ಉದ್ದನೆಯ ಪದಗಳ ಮುಂದೆ 'ಮೋರ್', 'ಮೋಸ್ಟ್' ಬರುತ್ತವೆ. ಎರಡನ್ನೂ ಸೇರಿಸಿ 'ಮೋರ್ ಬೆಟರ್' ಎನ್ನುವುದು ಪಾಯಸಕ್ಕೆ ಬೆಲ್ಲ ಹಾಕಿ ಮೇಲೆ ಸಕ್ಕರೆಯನ್ನೂ ಸುರಿದಂತೆ. 'ಸೀನಿಯರ್', 'ಜೂನಿಯರ್', 'ಸುಪೀರಿಯರ್' ಇವುಗಳ ಜೊತೆ 'ದ್ಯಾನ್' ಅಲ್ಲ, 'ಟು' ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇದು ಹಳೆಯ ಪರಿಚಯ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದಿದೆ: 'ಬೆಂಗಳೂರು ಈಸ್ ಬಿಗರ್ ದ್ಯಾನ್ ಎನಿ ಸಿಟಿ ಇನ್ ಕರ್ನಾಟಕ' ಎಂದರೆ ಬೆಂಗಳೂರು ತನಗಿಂತ ತಾನೇ ದೊಡ್ಡದು ಎಂದಂತಾಗುತ್ತದೆ. ನಡುವೆ ಒಂದು 'ಅದರ್' ಬೇಕು, 'ಎನಿ ಅದರ್ ಸಿಟಿ'.

ಹಲವು ವಿಶೇಷಣಗಳು ಒಟ್ಟಿಗೆ ಬಂದಾಗ ಸಾಲಿನ ಪ್ರಶ್ನೆ ಏಳುತ್ತದೆ. 'ಎ ಲವ್ಲಿ ಓಲ್ಡ್ ಗ್ರೀನ್ ಮೈಸೂರ್ ಸಿಲ್ಕ್ ಸ್ಯಾರಿ'. ನಮ್ಮ ಅಭಿಪ್ರಾಯ ಮೊದಲು, ಆಮೇಲೆ ವಯಸ್ಸು, ಬಣ್ಣ, ಊರು, ಕೊನೆಗೆ ಏನರಿಂದ ಮಾಡಿದ್ದು ಎಂಬುದು. ಗಾತ್ರವನ್ನು ಹೇಳುವುದಿದ್ದರೆ ಅದು ಅಭಿಪ್ರಾಯಕ್ಕೂ ವಯಸ್ಸಿಗೂ ನಡುವೆ. ಈ ಪಟ್ಟಿಯನ್ನು ಉರುಹೊಡೆಯುವುದಕ್ಕಿಂತ ಅದರ ಒಳಗುಟ್ಟನ್ನು ಹಿಡಿಯುವುದು ಲೇಸು: ವಸ್ತುವಿನಿಂದ ಬಿಡಿಸಲಾಗದ ಗುಣ ನಾಮಪದಕ್ಕೆ ತೀರ ಹತ್ತಿರ ಕೂರುತ್ತದೆ, ನೋಡುವವರ ಮನಸ್ಸಿಗೆ ತಕ್ಕಂತೆ ಬದಲಾಗುವುದು ದೂರ ಹೋಗುತ್ತದೆ. ಸೀರೆ ಚೆಂದವೋ ಅಲ್ಲವೋ ಎಂದು ಅತ್ತೆ ಸೊಸೆ ವಾದಿಸಬಹುದು, ಅದು ರೇಷ್ಮೆಯದು ಎನ್ನುವುದರಲ್ಲಿ ವಾದವಿಲ್ಲ. 'ಗ್ರೀನ್ ಲವ್ಲಿ ಸಿಲ್ಕ್ ಓಲ್ಡ್ ಸ್ಯಾರಿ' ಎಂದರೆ ಪದಗಳೆಲ್ಲ ಸರಿಯಿದ್ದೂ ಕಿವಿಗೆ ಮುಳ್ಳು ಚುಚ್ಚಿದಂತಾಗುತ್ತದೆ.

ಒತ್ತು ಕೊಡಲು ಅಥವಾ ಹಲವು ಎನ್ನಲು ನಾವು ಪದವನ್ನೇ ಇಮ್ಮಡಿಸುತ್ತೇವೆ: ಬಿಸಿಬಿಸಿ ಕಾಫಿ, ದೊಡ್ಡ ದೊಡ್ಡ ಮನೆಗಳು. 'ಹಾಟ್ ಹಾಟ್ ಕಾಫಿ', 'ಬಿಗ್ ಬಿಗ್ ಹೌಸಸ್' ಎಂದು ನಮ್ಮ ನಡುವೆ ಆಡಿಕೊಂಡರೆ ಏನೂ ಕೆಡುವುದಿಲ್ಲ, ಅದಕ್ಕೊಂದು ಸೊಗಸೂ ಇದೆ. ಅರ್ಜಿಯಲ್ಲೋ ಉತ್ತರಪತ್ರಿಕೆಯಲ್ಲೋ ಬರೆಯುವಾಗ 'ವೆರಿ ಹಾಟ್ ಕಾಫಿ', 'ಬಿಗ್ ಹೌಸಸ್' ಎಂದು ಇಳಿಸಿಕೊಳ್ಳಬೇಕು.

ನಾಮಪದದ ಹಿಂದೆ ಉಳಿದುಕೊಳ್ಳುವ ಕೆಲವೂ ಇವೆ. 'ಸಮ್‌ಥಿಂಗ್', 'ಎನಿಒನ್' ಇವುಗಳ ವಿಶೇಷಣ ಆಮೇಲೆಯೇ ಬರುತ್ತದೆ: 'ಸಮ್‌ಥಿಂಗ್ ಸ್ವೀಟ್'. 'ಅಟಾರ್ನಿ ಜನರಲ್' ಎಂಬಲ್ಲಿ 'ಜನರಲ್' ವಿಶೇಷಣ, ಆದ್ದರಿಂದಲೇ ಸಾಂಪ್ರದಾಯಿಕ ಬಹುವಚನ 'ಅಟಾರ್ನೀಸ್ ಜನರಲ್'. ಕಚೇರಿಯ ಪತ್ರ ಬರೆಯುವವರಿಗೆ ಮುಖ್ಯವಾದದ್ದು 'ಕನ್‌ಸರ್ನ್ಡ್'. 'ಸಂಬಂಧಪಟ್ಟ ಅಧಿಕಾರಿ' ಎಂಬುದನ್ನು ಪದದ ಸಾಲಿನಂತೆಯೇ 'ದಿ ಕನ್‌ಸರ್ನ್ಡ್ ಆಫೀಸರ್' ಎಂದು ಬರೆಯುವುದು ನಮ್ಮಲ್ಲಿ ರೂಢಿ. ಭಾರತದೊಳಗೆ ಯಾರೂ ತಪ್ಪು ತಿಳಿಯುವುದಿಲ್ಲ. ಹೊರದೇಶದ ಓದುಗನಿಗೆ ಮಾತ್ರ ಅದು ಚಿಂತಾಕ್ರಾಂತನಾದ ಅಧಿಕಾರಿ ಎಂದು ಕೇಳಿಸುತ್ತದೆ. ಸಂಬಂಧಪಟ್ಟವರು ಬೇಕಿದ್ದರೆ ವಿಶೇಷಣವನ್ನು ಹಿಂದಕ್ಕೆ ಕಳುಹಿಸಿ 'ದಿ ಆಫೀಸರ್ ಕನ್‌ಸರ್ನ್ಡ್' ಎನ್ನಬೇಕು. ನಮ್ಮ ಕಡತಗಳ ಗತಿ ಬಲ್ಲವರು, ಚಿಂತೆ ಮಾಡುವ ಅಧಿಕಾರಿಯೇ ಸಿಕ್ಕರೆ ಇನ್ನೂ ಒಳ್ಳೆಯದಲ್ಲವೇ ಎಂದಾರು.

ಕೊನೆಗೆ ಒಂದು ವಾಕ್ಯವನ್ನು ಬಿಡಿಸಿ ನೋಡಿ: 'ದಿ ಟಯರ್ಡ್ ಬಸ್ ಕಂಡಕ್ಟರ್ ಲುಕ್ಡ್ ಕೇರ್‌ಫುಲಿ ಅಟ್ ದಿ ಓಲ್ಡ್ ಟೆನ್-ರುಪೀ ನೋಟ್, ಬಟ್ ದಿ ಫ್ರೆಂಡ್ಲಿ ಸ್ಟೂಡೆಂಟ್ ಬಿಸೈಡ್ ಹಿಮ್ ವಾಸ್ ಫಾಸ್ಟ್ ಅಸ್ಲೀಪ್'. 'ಟಯರ್ಡ್' ಕ್ರಿಯಾಪದದಿಂದ ಹುಟ್ಟಿದ ವಿಶೇಷಣ. 'ಬಸ್' ಅದೇ ಪೀಠದಲ್ಲಿ ಕುಳಿತ ನಾಮಪದ. 'ಲುಕ್ಡ್' ಇಲ್ಲಿ ನಿಜವಾಗಿಯೂ ನೋಡುವ ಕೆಲಸ, ಆದ್ದರಿಂದ 'ಕೇರ್‌ಫುಲಿ' ಕ್ರಿಯಾವಿಶೇಷಣ. 'ಓಲ್ಡ್' ವಿಶೇಷಣ, 'ಟೆನ್-ರುಪೀ' ವಿಶೇಷಣದ ಕೆಲಸಕ್ಕೆ ನಿಂತ ಜೋಡಿಪದ, ಅದಕ್ಕೇ ಬಹುವಚನವಿಲ್ಲ. 'ಲಿ' ಇದ್ದರೂ 'ಫ್ರೆಂಡ್ಲಿ' ವಿಶೇಷಣವೇ. 'ಅಸ್ಲೀಪ್' ಎರಡನೆಯ ಪೀಠ ಬಿಟ್ಟು ಕದಲದ ವಿಶೇಷಣ. ಉಳಿದದ್ದು 'ಫಾಸ್ಟ್'. ವಿದ್ಯಾರ್ಥಿ ವೇಗದವನು ಎಂದು ಅದು ಹೇಳುತ್ತಿಲ್ಲ, ನಿದ್ರೆ ಎಷ್ಟು ಗಾಢವಾಗಿದೆ ಎಂದು ಹೇಳುತ್ತಿದೆ. ಮಾತು 'ಅಸ್ಲೀಪ್' ಎಂಬ ವಿಶೇಷಣದ ಬಗ್ಗೆ, ಆದ್ದರಿಂದ ಈ ವಾಕ್ಯದಲ್ಲಿ ಅದು ಕ್ರಿಯಾವಿಶೇಷಣ.